ಮ್ಯಾರೋಸ್ಟೋನಿನ ಚಾಕರಿ

ಬಾಥೆಲ್, ವಾಷಿಂಗ್ಟನ್ ರಾಜ್ಯ
ಭಾನುವಾರ, ೨೩ ಫೆಬ್ರುವರಿ ೨೦೧೪

ಅಕ್ಕ ಬಸವ್ವನ ಪಾದಕ್ಕೆ ತಮ್ಮ ವೀರಣ್ಣನ ಶರಣು.

ನಾನು ಕ್ಷೇಮ ಎಂದು ಬರೆಯಲು ಕೈ ಏಳುವುದಿಲ್ಲ, ನೀನು ಕ್ಷೇಮವೇ ಎಂದು ಕೇಳಲು ಬಾಯಿ ಬರುವುದಿಲ್ಲ. ಆ ಎರಡು ಸಾಲು ಬಿಟ್ಟೇ ಶುರು ಮಾಡುತ್ತೇನೆ, ತಪ್ಪು ತಿಳಿಯಬೇಡ.

ಸ್ಮಿತಾಳ ಕೈಯಲ್ಲಿ ನೀನು ಕೊಟ್ಟು ಕಳಿಸಿದ ಪತ್ರ ನನಗೆ ಸೇರಿ ಇವತ್ತಿಗೆ ಮೂವತ್ತೆಂಟು ದಿನ. ಮೊದಲ ವಾರ ಒಳ್ಳೆಯ ಪೆನ್ನು ಇಲ್ಲ ಎಂದುಕೊಂಡೆ. ಎರಡನೇ ವಾರ ಕಾಗದ ತೆಳ್ಳಗಿದೆ, ಶಾಯಿ ಹಿಂದೆ ಮೂಡುತ್ತದೆ ಎಂದುಕೊಂಡೆ. ಆಮೇಲೆ ನನ್ನ ಅಕ್ಷರದ ಚಿಂತೆ. ನಾನು ಐದನೇ ಇಯತ್ತೆ ಅರ್ಧಕ್ಕೆ ಬಿಟ್ಟವನು, ನೀನು ಏಳನೇ ಇಯತ್ತೆ ಪಾಸಾದವಳು. ಈಗಲೂ ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಒಲೆ ಆರಿದೆಯೋ ಇಲ್ಲವೋ ನೋಡಿ ಬಂದೆ. ಇಲ್ಲಿಯ ಒಲೆಯಲ್ಲಿ ಬೆಂಕಿಯೇ ಕಾಣುವುದಿಲ್ಲ, ಗಾಜಿನ ಕೆಳಗೆ ಒಂದು ಕೆಂಪು ಬಳೆ ಮಾತ್ರ. ಆರಿದೆ ಎಂದು ಹೇಗೆ ನಂಬುವುದು?

ನೀನು ಬರೆದದ್ದು ನಾಲ್ಕೇ ಸಾಲು. ನನಗೆ ಬಾಯಿಪಾಠ ಆಗಿದೆ. "ವೀರಣ್ಣಾ, ನನ್ನ ಮಗ ಸರಕಾರಿ ಹಡಗಿನಾಗ ಸತ್ತಾನ ಅಂತ ಊರಿಗೆಲ್ಲಾ ಗೊತ್ತೈತಿ. ಹಂಗಾದ್ರ ಸರಕಾರದ ಕಾಗದ ಯಾಕ ಬರಲಿಲ್ಲ? ಆ ಹೊತ್ತಿನ್ಯಾಗ ಅಲ್ಲಿದ್ದ ನಮ್ಮಾಂವ ನೀ ಒಬ್ಬನ. ಏನಾತು ಅಂತ ಇದ್ದದ್ದ ಇದ್ದಂಗ ಬರಿ, ಮುಚ್ಚಿಡಬ್ಯಾಡ."

ಬರೆಯುತ್ತೇನೆ. ಆದರೆ ಒಂದು ಮಾತು. ನಿನ್ನ ಖಾನಾವಳಿಯಲ್ಲಿ ಮಧ್ಯಾಹ್ನದ ಊಟದವರೆಲ್ಲ ಎದ್ದು ಹೋದ ಮೇಲೆ ಒಬ್ಬಳೇ ಕೂತು ಓದು. ಕಣ್ಣು ಮಂಜು ಎಂದು ರೊಟ್ಟಿ ಬಡಿಯುವ ಲಕ್ಷ್ಮಮ್ಮನ ಮಗಳ ಕೈಯಲ್ಲಿ ಓದಿಸಬೇಡ. ತಡವಾದರೂ ನೀನೇ ಓದು.

ಮೊದಲು ಮನೆಯ ಸುದ್ದಿ. ಸ್ಮಿತಾ ಕ್ಯಾನ್ಯನ್ ಪಾರ್ಕಿನ ಲ್ಯಾಬಿಗೆ ಮತ್ತೆ ಹೋಗುತ್ತಿದ್ದಾಳೆ. ಹೋಗದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಮನೆ ಇಲ್ಲ. ನನ್ನ ಮಗಳೆಂದು ಹೇಳುತ್ತಿಲ್ಲ ಅಕ್ಕಾ, ನಿನ್ನ ಸೊಸೆಯೆಂದು ಹೇಳುತ್ತಿದ್ದೇನೆ, ಅವಳು ಗಟ್ಟಿ ಇದ್ದಾಳೆ. ಬಹಳ ಗಟ್ಟಿ ಇದ್ದಾಳೆ, ಅದೇ ನನಗೆ ಹೆದರಿಕೆ. ಸ್ಪಂದನಾ ಗದಗಿನಿಂದ ಬಂದ ಮೇಲೆ ನಾಲ್ಕೈದು ಮಾತು ಕನ್ನಡದಲ್ಲೇ ಆಡುತ್ತಾಳೆ. "ಅಜ್ಜಾ, ಅಲ್ಲಿ ಅಜ್ಜಿ ನನಗ ಶೇಂಗಾ ಹಿಂಡಿ ಕೊಟ್ಟಳು, ಇಟ್ ವಾಸ್ ಖಾರ" ಎನ್ನುತ್ತಾಳೆ. ಅಪ್ಪನ ಬಗ್ಗೆ ಕೇಳುವುದಿಲ್ಲ. ಮೂರು ವರ್ಷದ ಕೂಸಿಗೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂದು ಯೋಚಿಸಿ ಯೋಚಿಸಿ ನನಗೆ ತಲೆ ಸುತ್ತು ಬರುತ್ತದೆ.

ಈಗ ನಿನ್ನ ಪ್ರಶ್ನೆ. ಅಕ್ಕಾ, ಅದು ಸರಕಾರಿ ಹಡಗು ಅಲ್ಲ. ಐವತ್ತು ವರ್ಷದ ಹಿಂದೆ ಆಗಿತ್ತು. ನಿನ್ನ ಪ್ರಶಾಂತನದು ಅಲ್ಲಿ ನೌಕರಿಯೂ ಅಲ್ಲ. ಹೆಂಡತಿಯ ವೀಸಾದ ಮೇಲೆ ಬಂದ ಗಂಡನಿಗೆ ಇಲ್ಲಿ ಕೆಲಸ ಮಾಡಲು ಪರವಾನಗಿ ಇಲ್ಲ. ಎಂಜಿನಿಯರಿಂಗ್ ಓದಿದವನು ನಾಲ್ಕು ವರ್ಷ ಅನ್ನ ಮಾಡಿಟ್ಟು, ಮಗಳು ಹುಟ್ಟಿದ ಮೇಲೆ ಅವಳ ಚಡ್ಡಿ ಬದಲಿಸಿ, ಕಿಟಕಿಯಲ್ಲಿ ಕೂತ. ನಿನಗೆ ಫೋನಿನಲ್ಲಿ "ಹಡಗಿನ ಎಂಜಿನಿಯರ್ ಆಗೇನವ್ವಾ" ಎಂದದ್ದು ನಾನು ಬರುವುದಕ್ಕೆ ಮೊದಲು. ಖಾನಾವಳಿಗೆ ಬಂದವರಿಗೆಲ್ಲ ನೀನು ಅದನ್ನು ಹೇಳುತ್ತಿದ್ದಿ ಎಂದು ತಿಳಿದು ಅವನಿಗೆ ನಾಚಿಕೆಯೂ ಆಗಿತ್ತು, ಸಂತೋಷವೂ ಆಗಿತ್ತು. ಅವನನ್ನು ಸುಳ್ಳ ಎನ್ನಬೇಡ. ಪಗಾರ ಒಂದನ್ನು ಬಿಟ್ಟರೆ ಎಂಜಿನಿಯರನ ಕೆಲಸವನ್ನೇ ಅವನು ಮಾಡುತ್ತಿದ್ದ.

ಆ ಹಡಗಿನ ಹೆಸರು ಮ್ಯಾರೋಸ್ಟೋನ್. ಈ ದೇಶದ ಕರಾವಳಿ ಕಾಯುವ ಪಡೆಗೆ ಕೋಸ್ಟ್ ಗಾರ್ಡ್ ಎನ್ನುತ್ತಾರೆ, ಅವರ ಹಡಗಿಗೆ ಕಟರ್ ಎನ್ನುತ್ತಾರೆ. ಕತ್ತರಿಸುವುದು ಏನೂ ಇಲ್ಲ, ನಾನೂ ಕೇಳಿದೆ. ಸಿಯಾಟಲ್ ನಡುವಿನ ಕಾಲುವೆಯಲ್ಲಿ ಒಂದು ಹಳೆಯ ಕಟ್ಟೆಗೆ ಅದನ್ನು ಕಟ್ಟಿದ್ದರು. ಏಳೆಂಟು ಮುದುಕರು ಸಂಘ ಮಾಡಿಕೊಂಡು ಶನಿವಾರ ಶನಿವಾರ ಬಂದು ತುಕ್ಕು ಕೆರೆದು ಬಣ್ಣ ಹಚ್ಚುತ್ತಿದ್ದರು. ಅವರಲ್ಲಿ ಮುಖ್ಯನಾದವನು ಡೇಲ್ ಎಂಬ ಬಿಳಿಯ ಮುದುಕ. ಇಪ್ಪತ್ತೆರಡನೇ ವಯಸ್ಸಿಗೆ ಅದರ ಎಂಜಿನ್ ಕೋಣೆಯಲ್ಲಿ ಚಾಕರಿ ಮಾಡಿದವನು. ಈಗ ಎಪ್ಪತ್ತೆರಡು.

ಸೆಪ್ಟೆಂಬರಿನಲ್ಲಿ ನಾನು ಬಂದ ಮೊದಲ ಶನಿವಾರವೇ ಪ್ರಶಾಂತ ನನ್ನನ್ನು ಕರೆದುಕೊಂಡು ಹೋದ. ಮೂವತ್ತೊಂದು ವರ್ಷ ಗೋವಾದ ವಾಸ್ಕೋದಲ್ಲಿ ಅದಿರು ಸಾಗಿಸುವ ಬಾರ್ಜು ದೋಣಿಗಳ ತುಕ್ಕು ಬಡಿದವನು ನಾನು, ಕೈ ಸುಮ್ಮನಿರಲಿಲ್ಲ. ಒಂದು ಸಣ್ಣ ಸುತ್ತಿಗೆ ಇಸಿದುಕೊಂಡು ತಗಡು ಬಡಿಯುತ್ತ ಹೋದೆ. ಒಳ್ಳೆಯ ತಗಡು ಗಂಟೆಯ ಹಾಗೆ ನುಡಿಯುತ್ತದೆ, ಸತ್ತದ್ದು ಒಡಕು ಗಡಿಗೆಯ ಹಾಗೆ. ಡೇಲ್ ಬೆನ್ನ ಹಿಂದೆಯೇ ಬಂದು ನಾನು ಹೇಳಿದಲ್ಲೆಲ್ಲ ಸೀಮೆಸುಣ್ಣ ಎಳೆದ. "ಮಾವಾ, ನಿಮ್ಮನ್ನ ಡಾಕ್ಟರ್ ಅನ್ನಾಕತ್ತಾನ್ರಿ" ಎಂದು ಪ್ರಶಾಂತ ನಕ್ಕ. ಅವತ್ತಿನಿಂದ ನಾನೂ ಪ್ರತಿ ಶನಿವಾರ ಹೋದೆ.

ಪ್ರಶಾಂತನ ಕೆಲಸ ಬೇರೆ. ಅವನು ಆ ಹಡಗಿನ ಚಾಕರಿಯ ಚರಿತ್ರೆ ಬರೆಯುತ್ತಿದ್ದ. ಹಡಗಿನಲ್ಲಿ ತಾಸಿಗೊಮ್ಮೆ ಗಾಳಿ ಎಷ್ಟು, ಮೋಡ ಎಷ್ಟು ಎಂದು ಬರೆದಿಡುವ ಪುಸ್ತಕ ಇರುತ್ತದೆ. ಸರಕಾರದ ದಫ್ತರಿನಿಂದ ಅವುಗಳ ನಕಲು ತರಿಸಿ, ಸ್ಪಂದನಾ ಮಲಗಿದ ಹೊತ್ತಿನಲ್ಲಿ ಓದಿ ಟಿಪ್ಪಣಿ ಮಾಡುತ್ತಿದ್ದ. ಅಡುಗೆಮನೆಯಲ್ಲಿ ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದರೆ ಎದುರಿಗೆ ಕೂತು ಕನ್ನಡದಲ್ಲಿ ಹೇಳುತ್ತಿದ್ದ.

"ಕೇಳ್ರಿಲ್ಲೆ ಮಾವಾ. ಸಾವಿರದ ಒಂಬೈನೂರಾ ಇಪ್ಪತ್ತೊಂಬತ್ತು, ಮಾರ್ಚ್ ಹನ್ನೊಂದು. ಮಂಜು ಭಾಳ. ಗಾಳಿ ಇಲ್ಲ. ಕೆನಡಾ ಕಡಿಂದ ಬಂದ ದೋಣಿ ಹಿಡದ್ವಿ. ಆರನೂರು ಪೆಟಗಿ ಸೆರೆ ಬಾಟ್ಲಿ."

"ಅಮೆರಿಕಾದಾಗೂ ಸೆರೆ ಬಂದ್ ಇತ್ತೇನೋ?"

"ಹದಿಮೂರು ವರ್ಷ ಇತ್ತ್ರಿ. ಈ ಹಡಗ ಹುಟ್ಟಿದ್ದ ಅದಕ್ಕ, ಸೆರೆ ತರೋ ಕಳ್ಳ ದೋಣಿ ಹಿಡ್ಯಾಕ."

"ಹಿಡದದ್ದು ಏನ್ ಮಾಡಿದ್ರು?"

"ಸಮುದ್ರಕ್ಕ ಸುರುವಿದ್ವಿ ಅಂತ ಬರದಾರ. ಐದನೂರಾ ಎಂಬತ್ತೆಂಟು ಪೆಟಗಿ."

"ಉಳಿದ ಹನ್ನೆರಡು?"

"ಅದನ್ನ ಬರದಿಲ್ಲ ನೋಡ್ರಿ!"

ಅವನು ಅವತ್ತು ನಕ್ಕ ಹಾಗೆ ನಕ್ಕದ್ದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ.

ಸೆರೆಯ ಕಾಯ್ದೆ ಹೋದ ಮೇಲೆ ಅದನ್ನು ಬಡಗಣಕ್ಕೆ, ಅಲಾಸ್ಕಾದ ಹಿಮದ ಕಡೆಗೆ ಕಳಿಸಿದರು. ಅಲ್ಲಿಯ ದಂಡೆಯ ಊರುಗಳಿಗೆ ಟಪಾಲು ಒಯ್ಯುವುದು, ವೈದ್ಯನನ್ನು ಒಯ್ಯುವುದು. ಒಂದು ಬೇಸಿಗೆಯಲ್ಲಿ ಹಡಗಿನ ಮೇಲೆಯೇ ಇನ್ನೂರ ಹದಿನೇಳು ಹಲ್ಲು ಕಿತ್ತರಂತೆ. ಮೂವತ್ತಾರರ ಚಳಿಗಾಲದಲ್ಲಿ ಮೀನು ಹಿಡಿಯುವ ದೋಣಿಯೊಂದು ಬಂಡೆಗೆ ಬಿದ್ದಾಗ ಹದಿನಾಲ್ಕು ತಾಸು ತೆರೆಯಲ್ಲಿ ನಿಂತು ಒಂಬತ್ತು ಮಂದಿಯನ್ನು ಹಗ್ಗ ಹಾಕಿ ಎಳೆದುಕೊಂಡಿತು. ಇಬ್ಬರು ಸಿಗಲಿಲ್ಲ. ಯುದ್ಧದ ಕಾಲಕ್ಕೆ ಬೂದು ಬಣ್ಣ ಬಳಿದು, ಮುಂದೆ ತೋಪು ಕೂರಿಸಿ, ಸಾಮಾನಿನ ಹಡಗುಗಳ ಕಾವಲಿಗೆ ಹಾಕಿದರು. ಮೂರು ವರ್ಷ ಅದು ಯಾರನ್ನೂ ಮುಳುಗಿಸಲಿಲ್ಲ, ತಾನೂ ಮುಳುಗಲಿಲ್ಲ. ಯುದ್ಧ ಮುಗಿದ ಮೇಲೆ ದೀಪಸ್ತಂಭಗಳಿಗೆ ಎಣ್ಣೆ, ಬೇಳೆಕಾಳು ಹೊತ್ತಿತು. ಅರವತ್ತಮೂರರಲ್ಲಿ ಚಾಕರಿ ಮುಗಿಯಿತೆಂದು ನಿಶಾನೆ ಇಳಿಸಿದರು, ಆ ಹಗ್ಗ ಹಿಡಿದವರಲ್ಲಿ ಡೇಲ್ ಒಬ್ಬ. ಆಮೇಲೆ ಮೀನಿನವರು ಕೊಂಡು ಹೆಸರು ಬದಲಿಸಿದರು. ಅವರಿಂದ ಕೊಂಡವನು ಇನ್ನೊಂದು ಹೆಸರಿಟ್ಟು ಅದರಲ್ಲೇ ಮನೆ ಮಾಡಿಕೊಂಡ. ಅವನು ಸತ್ತ ಮೇಲೆ ಹನ್ನೆರಡು ವರ್ಷ ಕೇಳುವವರಿಲ್ಲ.

ಪ್ರಶಾಂತ ಒಮ್ಮೆ ಪೆನ್ನು ಕೆಳಗಿಟ್ಟು ಹೇಳಿದ, "ಮಾವಾ, ಇದಕ್ಕ ಒಂದ ದಿನ ಸುಮ್ಮ ಕುಂಡ್ರು ಅಂತ ಯಾರೂ ಅಂದಿಲ್ಲ್ರಿ. ನನ್ನ ನೋಡ್ರಿ, ನಾಲ್ಕು ವರ್ಷದಿಂದ ಅದನ್ನ ಅನ್ನಾಕತ್ತಾರ." ನಾನು ಬೆಳ್ಳುಳ್ಳಿ ಸುಲಿದೆ.

ನನ್ನ ಸ್ವಭಾವ ನಿನಗೆ ಗೊತ್ತು. ಬಸ್ಸು ತಪ್ಪೀತು, ಮಗುವಿಗೆ ಶೀತ ಆದೀತು, ಹಡಗಿನ ಹಲಗೆ ಜಾರೀತು ಎಂದು ದಿನವೆಲ್ಲ ಗೊಣಗುತ್ತಿದ್ದೆ. ಪ್ರಶಾಂತ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. "ದಿನಕ್ಕ ಮೂರು ಚಿಂತಿಗೆ ಪರ್ಮಿಟ್ ಐತ್ರಿ ಮಾವಾ. ನಾಷ್ಟಾದೊಳಗ ಮೂರೂ ಮುಗಿಸಿದ್ರ ಸಂಜಿಗೇನ್ ಮಾಡ್ತೀರಿ?" ಎನ್ನುತ್ತಿದ್ದ.

ನವೆಂಬರಿಗೆ ಕಟ್ಟೆಯ ಯಜಮಾನರು ಹಡಗು ಬಿಡಿಸಿ ಒಯ್ಯಿರಿ ಎಂದು ನೋಟೀಸು ಕೊಟ್ಟರು. ಉಳಿಸಲು ಒಂದೇ ದಾರಿ ಇತ್ತು. ಹಳೆಯ ವಸ್ತುಗಳನ್ನು ಕಾಪಾಡುವ ಕಚೇರಿಯ ಪಟ್ಟಿಯಲ್ಲಿ ಹೆಸರು ಬರಬೇಕು. ಅರ್ಜಿಗೆ ಪ್ರಶಾಂತನ ಚರಿತ್ರೆ ಲಗತ್ತಿಸಿದ್ದರು. ಕಚೇರಿಯವರು ಅದನ್ನು ಹೊಗಳಿದರು, ಆದರೆ ಎರಡು ಸಲ ಹೆಸರು ಬದಲಾದ ಹಡಗು ಅದೇ ಮ್ಯಾರೋಸ್ಟೋನ್ ಎಂಬುದಕ್ಕೆ ಗುರುತು ಕೊಡಿ, ಹದಿನೆಂಟು ಸೋಮವಾರ ಕಡೆಯ ದಿನ ಎಂದರು. ಹಡಗು ಕಟ್ಟಿದವರು ಹೊಡೆದ ನಂಬರು ತೀರ ಹಿಂದಿನ ಕೋಣೆಯೊಳಗೆ ಕಬ್ಬಿಣದ ಪಕ್ಕೆಲುಬಿನ ಮೇಲೆ ಇದೆ ಎಂದು ಡೇಲ್ ನೆನಪಿಸಿಕೊಂಡ. ಆ ಕೋಣೆಗೆ ಮೇಲಿನಿಂದ ಒಂದು ಮುಚ್ಚಳ, ಹದಿನಾರು ಬೋಲ್ಟು. ಹನ್ನೆರಡು ವರ್ಷದಿಂದ ಯಾರೂ ಬಿಚ್ಚಿರಲಿಲ್ಲ.

ಹದಿನಾರನೇ ತಾರೀಕು ಶನಿವಾರ ಮಧ್ಯಾಹ್ನ ಬಿಚ್ಚಿದೆವು. ನಾನು ಕೈ ಅಡ್ಡ ಹಿಡಿದು ಹೇಳಿದೆ, ನಾಳೆ ಇಷ್ಟೊತ್ತಿನ ತನಕ ಯಾರೂ ತಲೆ ಸಹ ಹಾಕಬಾರದು. ಮುಚ್ಚಿದ ಕಬ್ಬಿಣದ ಕೋಣೆಯಲ್ಲಿ ತುಕ್ಕು ಗಾಳಿಯೊಳಗಿನ ಜೀವವನ್ನು ತಿಂದುಬಿಟ್ಟಿರುತ್ತದೆ ಅಕ್ಕಾ. ವಾಸನೆ ಇಲ್ಲ, ಕೆಮ್ಮು ಇಲ್ಲ. ಇಳಿದವನು ಎರಡು ಉಸಿರಿಗೆ ಬೀಳುತ್ತಾನೆ. ಎಂಬತ್ತೆಂಟರಲ್ಲಿ ವಾಸ್ಕೋದ ಒಂದು ಬಾರ್ಜಿನಲ್ಲಿ ಒಬ್ಬ ಬಿದ್ದ, ಎತ್ತಲು ಹೋದವನೂ ಬಿದ್ದ, ಅವನ ಹಿಂದಿನವನೂ. ಮೂವರನ್ನೂ ನಾನೇ ಚಾಪೆಯ ಮೇಲೆ ಮಲಗಿಸಿದ್ದೆ. ಪ್ರಶಾಂತ ಅದನ್ನು ಇಂಗ್ಲಿಷಿನಲ್ಲಿ ಡೇಲ್‌ಗೆ ಹೇಳಿದ. ಡೇಲ್ ತಲೆಯಾಡಿಸಿ, ನಾಳೆ ಗಾಳಿ ಊದುವ ಯಂತ್ರ ತರುತ್ತೇನೆ, ಗಾಳಿ ಅಳೆಯುವ ಪೆಟ್ಟಿಗೆ ತರುತ್ತೇನೆ, ಆಮೇಲೆಯೇ ಇಳಿಯೋಣ ಎಂದ. ಮೂವರೂ ಒಪ್ಪಿದೆವು.

ಸಂಜೆ ನಾಲ್ಕಕ್ಕೆ ಬೆಳಕು ಹೋಗುತ್ತಿತ್ತು. ಡೇಲ್ ಕೆಳಗೆ ಎಂಜಿನಿನ ಹತ್ತಿರ ಇದ್ದ. ನಾನು ಸುತ್ತಿಗೆ ಹಿಡಿದು ಇನ್ನೊಂದು ಮಗ್ಗುಲಿಗೆ ಇದ್ದೆ. ಎರಡು ನಿಮಿಷದ ಕೆಲಸ, ಒಂದು ಫೋಟೋ, ಉಸಿರು ಹಿಡಿದು ಬಂದುಬಿಡುತ್ತೇನೆ ಎಂದು ಪ್ರಶಾಂತನಿಗೆ ಅನ್ನಿಸಿರಬೇಕು. ಭಾನುವಾರ ಯಂತ್ರ ಸಿಗದಿದ್ದರೆ ಎಂದು ಮಧ್ಯಾಹ್ನವೇ ಗೊಣಗಿದ್ದ. ನಾನು ಮುಚ್ಚಳದ ಹತ್ತಿರ ಬರುವಷ್ಟರಲ್ಲಿ ಅವನು ಇಳಿದಿದ್ದ. ಏಣಿಯ ಬುಡದಲ್ಲಿ ಒಂದು ಮಗ್ಗುಲಾಗಿ ಮಲಗಿದ್ದ. ಕೈಯಲ್ಲಿ ಟಾರ್ಚು ಉರಿಯುತ್ತಿತ್ತು.

ನಾನು ಕಿರುಚಿದೆ. ಡೇಲ್ ಓಡಿ ಬಂದವನೇ ಏಣಿಗೆ ಕಾಲಿಟ್ಟ. ನಾನು ಅವನ ಸೊಂಟ ತಬ್ಬಿ ಹಿಂದಕ್ಕೆ ಎಳೆದು ಕೆಡವಿ ಮೇಲೆ ಕೂತೆ. ಬಿಡು ಬಿಡು ಎಂದು ಮುದುಕ ನನ್ನ ಮುಖಕ್ಕೆ ಗುದ್ದಿದ. ನಾನು ಬಿಡಲಿಲ್ಲ. ಹೆಣ್ಣು ಕೊಟ್ಟ ಅಳಿಯ, ಒಡಹುಟ್ಟಿದವಳ ಮಗ ಕೆಳಗಿದ್ದಾನೆ, ನಾನು ಮೇಲೆ ಇನ್ನೊಬ್ಬನನ್ನು ಅದುಮಿ ಕೂತಿದ್ದೇನೆ. ಬೆಂಕಿ ಆರಿಸುವವರು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಒಂಬತ್ತು ನಿಮಿಷಕ್ಕೆ ಬಂದರು. ಆಸ್ಪತ್ರೆಯಲ್ಲಿ ಒಂದೂವರೆ ತಾಸು ಎದೆ ಒತ್ತಿದರು. ಆಗಲಿಲ್ಲ.

ವಿಚಾರಣೆಯ ವರದಿಯಲ್ಲಿ ನನ್ನ ಹೆಸರು ಇದೆ. ಎರಡನೆಯ ಸಾವು ತಪ್ಪಿಸಿದವನು, ಅನುಭವಸ್ಥ ಎಂದು ಬರೆದಿದ್ದಾರೆ. ಡೇಲ್‌ನ ಹೆಂಡತಿ ನನ್ನ ಎರಡೂ ಕೈ ಹಿಡಿದು ಅತ್ತಳು. ಸ್ಮಿತಾ ಕೂಡ, "ಅಪ್ಪಾ, ನೀ ಇರದಿದ್ರ ಇಬ್ಬರ ಹೆಣ ತೆಗೀಬೇಕಿತ್ತು" ಎಂದಳು.

ನಿನಗೆ ಹೇಳಿದ ಒಂದು ಸುಳ್ಳನ್ನು ಇಲ್ಲಿ ಸರಿಮಾಡುತ್ತೇನೆ. ಸ್ಮಿತಾ ಶವದ ಪೆಟ್ಟಿಗೆಯ ಜೊತೆ ಕೂಸನ್ನು ಕರೆದುಕೊಂಡು ಒಬ್ಬಳೇ ಬಂದಳಲ್ಲ, ವಿಚಾರಣೆಯವರು ನನ್ನನ್ನು ಬಿಡಲಿಲ್ಲ ಎಂದು ಹೇಳಿಕಳಿಸಿದ್ದೆ. ಅವರು ಎರಡೇ ದಿನದಲ್ಲಿ ಹೇಳಿಕೆ ಬರೆದುಕೊಂಡು ಹೋಗಬಹುದು ಎಂದಿದ್ದರು. ನಾನೇ ಬರಲಿಲ್ಲ. ಮಗನನ್ನು ಮಣ್ಣಿಗೆ ಕೂರಿಸುವಾಗ ನಿನ್ನ ಪಕ್ಕ ನಿಲ್ಲಬೇಕಾದ ತಮ್ಮ ಇಲ್ಲಿ ತೊಳೆದ ಪಾತ್ರೆಯನ್ನೇ ತೊಳೆಯುತ್ತ ನಿಂತಿದ್ದ.

ಹಡಗಿನದೂ ಮುಗಿಯಿತು. ಸಂಘದವರು ಅರ್ಜಿ ಹಿಂದೆ ತೆಗೆದುಕೊಂಡರು. ಜನವರಿಯಲ್ಲಿ ಒಂದು ಸಣ್ಣ ದೋಣಿ ಬಂದು ಎಳೆದುಕೊಂಡು ಹೋಯಿತು, ಒಡೆಯುವ ಅಂಗಳಕ್ಕೆ. ಡೇಲ್ ದಂಡೆಯಲ್ಲಿ ಟೋಪಿ ತೆಗೆದು ನಿಂತ. ನಾನು ನಿಲ್ಲಲಿಲ್ಲ, ಬಸ್ಸಿಗೆ ಹೋಗಿ ಕೂತೆ. ಪ್ರಶಾಂತ ಬರೆದ ಚರಿತ್ರೆಯನ್ನು ಡೇಲ್ ಅಚ್ಚು ಹಾಕಿಸಿ ಇಲ್ಲಿಯ ಗ್ರಂಥಾಲಯಕ್ಕೆ ಕೊಟ್ಟಿದ್ದಾನೆ. ಮೇಲೆ ಇಂಗ್ಲಿಷಿನಲ್ಲಿ ನಿನ್ನ ಮಗನ ಹೆಸರು ಇದೆ. ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ, ಅವನ ಕನ್ನಡದ ಟಿಪ್ಪಣಿ ವಹಿಯನ್ನೂ. ಸರಕಾರದ ಕಾಗದ ಯಾವುದೂ ಇಲ್ಲ ಅಕ್ಕಾ, ಬರುವುದೂ ಇಲ್ಲ. ಊರವರು ಕೇಳಿದರೆ ಇದನ್ನು ತೋರಿಸು. ತೋರಿಸಲು ಮನಸ್ಸಿಲ್ಲದಿದ್ದರೆ ಬೇಡ.

ನನ್ನ ಆರು ತಿಂಗಳ ವೀಸಾ ಮುಗಿಯುತ್ತಿದೆ. ಮಾರ್ಚ್ ಹದಿನಾರಕ್ಕೆ ಹೊರಟು ಹದಿನೆಂಟರ ಬೆಳಿಗ್ಗೆ ಗದಗಿಗೆ ಬರುತ್ತೇನೆ. ಈ ಪತ್ರ ನನಗಿಂತ ಮೊದಲು ಮುಟ್ಟಬೇಕು. ಅಂಚೆಯವಳು ಹತ್ತು ದಿನ ಸಾಕು ಎಂದಳು, ಮಂಜು ಬಿದ್ದರೆ ಹೇಗೆ ಎಂದು ಕೇಳಿದರೆ ನಕ್ಕಳು. ನೀನು ಸಂಜೆ ಒಂದು ರೊಟ್ಟಿಯನ್ನಾದರೂ ತಿನ್ನು. ಬಿಪಿ ಗುಳಿಗೆ ಬಿಡಬೇಡ. ಮನೆಯ ಹುಡುಗರಿಗೆಲ್ಲ ಶಿವ ಆಯುಷ್ಯ ಕೊಡಲಿ. ನಿನ್ನ ಆಶೀರ್ವಾದ ಬೇಡುವ ಸಾಲು ಪ್ರತಿ ಪತ್ರದ ಕೊನೆಗೆ ಇರುತ್ತಿತ್ತು. ಈ ಸಲ ಅದನ್ನು ಬರೆದಿಲ್ಲ, ಮರೆತು ಬಿಟ್ಟದ್ದಲ್ಲ.

ನಿನ್ನ ತಮ್ಮ,
ವೀರಣ್ಣ

ತಾಜಾಕಲಂ: ಲಕೋಟೆ ಅಂಟಿಸಿದ್ದೆ, ಒಡೆದೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಪೂರ್ತಿ ಇಲ್ಲ. ಮುಚ್ಚಿಡಬ್ಯಾಡ ಎಂದು ನೀನು ಬರೆದಿದ್ದಿ.

ನಾನು ಅವನನ್ನು ನೋಡಿದೆ ಅಕ್ಕಾ. ಅವನು ಇಳಿಯುವುದಕ್ಕೆ ಮೊದಲು. ಅವನ ಬೆನ್ನು ನನ್ನ ಕಡೆಗಿತ್ತು. ಬಗ್ಗಿ ಆ ಮುಚ್ಚಳದ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ, ಗುಡಿಯ ಹೊಸ್ತಿಲಿಗೆ ಮಾಡುವ ಹಾಗೆ. ಬಲಗಾಲು ಮುಂದಿಟ್ಟ. ನನ್ನ ಬಾಯಿ ತೆರೆದಿತ್ತು, "ಪ್ರಶಾಂತಾ" ಎಂಬುದು ಗಂಟಲಿಗೆ ಬಂದಿತ್ತು. ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂದು ಅವ್ವ ನಮ್ಮಿಬ್ಬರ ಬಾಯಿಗೂ ಹೊಡೆದು ಕಲಿಸಿದ್ದಳಲ್ಲ, ನಾಲಿಗೆ ತಾನಾಗಿ ನಿಂತಿತು. ಸುತ್ತು ಹಾಕಿ ಅವನ ಎದುರಿಗೆ ಹೋಗಿ ಹೇಳೋಣ ಎಂದು ನಡೆದೆ. ಓಡಲೂ ಇಲ್ಲ. ಅಡ್ಡ ಬಿದ್ದ ಹಗ್ಗದ ಸುರುಳಿ ದಾಟಿ, ಹಡಗಿನ ಹೊಗೆ ಚಿಮಣಿ ಸುತ್ತಿ, ನಡೆದೆ. ಎದುರಿಗೆ ಬಂದಾಗ ಅಲ್ಲಿ ಯಾರೂ ಇರಲಿಲ್ಲ.

ಜಗತ್ತಿನ ಎಲ್ಲದಕ್ಕೂ ಚಿಂತೆ ಮಾಡಿದವನು ಆ ಒಂದು ಹೊತ್ತಿನಲ್ಲಿ ಅಪಶಕುನದ ಚಿಂತೆ ಮಾಡಿದೆ. ವಿಚಾರಣೆಯಲ್ಲಿ ನಾನು ನೋಡಲಿಲ್ಲ ಎಂದೆ. ಸ್ಮಿತಾಳಿಗೆ ಹೇಳಿಲ್ಲ. ಹೇಳಬೇಕೋ ಬೇಡವೋ ನೀನೇ ಹೇಳು.

ಹದಿನೆಂಟರ ಬೆಳಿಗ್ಗೆ ಬಂದು ಬಾಗಿಲ ಹೊರಗೆ ನಿಲ್ಲುತ್ತೇನೆ. ಬೈಯುವುದಿದ್ದರೆ ಅಲ್ಲೇ ಬೈ, ಓಣಿಯವರು ಕೇಳಲಿ. ಒಳಗೆ ಕರೆದು, ಕಾಲಿಗೆ ನೀರು ಕೊಟ್ಟು, ಕುಡಿಯಲು ಬೆಲ್ಲ ನೀರು ಕೈಗಿಟ್ಟು, ಆಮೇಲೆ ಕೇಳಬೇಡ. ಆ ನೀರು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.